ಹುಳ ಹಣ್ಣಾಗುವ ತನಕ

ಡಾಕ್ಟರಮ್ಮ ಕೊಟ್ಟ ತಾರೀಖಿಗೆ ಮೊದಲೇ ರೇಷ್ಮೆ ಗೂಡು ಬಿಡಿಸಿ ಮುಗಿಸಿಬಿಡಬೇಕು ಎಂದು ನಾವು ಅಂದುಕೊಂಡಿದ್ದೆವು. ನಾವು ಎಂದರೆ ನಾನು, ಮಗ ಅಮರನಾಥ, ಸೊಸೆ ಸುನಂದ. ಅವರ ಒಬ್ಬಳೇ ಮಗಳು ವಾಣಿಶ್ರೀ ಚೊಚ್ಚಲ ಹೆರಿಗೆಗೆಂದು ದೀಪಾವಳಿ ಕಳೆದ ಮೇಲೆ ನಮ್ಮ ಮನೆಗೆ ಬಂದಿದ್ದಳು. ಹೋಳೂರಿನಿಂದ ಒಳಕ್ಕೆ ನಮ್ಮೂರು. ಹೆಚ್ಚುಕಡಿಮೆ ಎಲ್ಲರಿಗೂ ಒಂದಿಷ್ಟು ಹಿಪ್ಪುನೇರಳೆ ತೋಟ, ಹಿತ್ತಿಲಲ್ಲಿ ಒಂದು ಹುಳದ ಮನೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡೇ ನಾನು ಮುದುಕನಾದೆ.

ಹುಳ ಸಾಕುವವರಲ್ಲಿ ಒಂದು ಕಟ್ಟಳೆ ಇದೆ. ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಪುರುಡು. ಪುರುಡು ಕಳೆಯುವ ತನಕ ಆ ಮನೆಯವರು ಹುಳದ ಮನೆಯ ಹೊಸಿಲು ತುಳಿಯುವಂತಿಲ್ಲ. ಇನ್ನೊಬ್ಬರ ಮನೆಯವರು ಬಂದು ಹುಳ ನೋಡಿಕೊಳ್ಳುವುದೂ ಇಲ್ಲ. ಕಣ್ಣು ಬೀಳುತ್ತದೆ ಎಂದು ನಾವು ಕರೆಯುವುದಿಲ್ಲ, ಹುಳಕ್ಕೆ ಏನಾದರೂ ಆದರೆ ತಮ್ಮ ಮೇಲೆ ಬರುತ್ತದೆ ಎಂದು ಅವರು ಬರುವುದಿಲ್ಲ. ಇದನ್ನೆಲ್ಲ ನಂಬುತ್ತೀರಾ ಎಂದು ವಾಣಿಶ್ರೀಯ ಗಂಡ ಉಮೇಶ್ ನನ್ನನ್ನು ಒಂದು ಸಲ ಕೇಳಿದ. ನಂಬದವರೂ ಪಾಲಿಸುತ್ತಾರಪ್ಪ ಎಂದೆ. ಹುಳಕ್ಕೆ ನೂರೆಂಟು ಕಾಯಿಲೆ. ಪುರುಡಿನಲ್ಲಿ ಒಳಗೆ ಹೋಗಿ, ಆಮೇಲೆ ಯಾವುದೋ ಕಾಯಿಲೆಗೆ ಹುಳ ಸತ್ತರೆ ಊರವರು ಆ ಕಾಯಿಲೆಯ ಹೆಸರು ಹೇಳುವುದಿಲ್ಲ, ಹುಟ್ಟಿದ ಮಗುವಿನ ಹೆಸರು ಹೇಳುತ್ತಾರೆ. ಹುಟ್ಟುತ್ತಲೇ ಬೆಳೆ ತಿಂದಿತು, ಕಾಲ್ಗುಣ ಸರಿಯಿಲ್ಲ ಎನ್ನುತ್ತಾರೆ. ನಮ್ಮ ಓಣಿಯ ಆಂಜಿನಪ್ಪನಿಗೆ ಈಗ ಮೀಸೆ ನರೆತಿದೆ. ಅವನು ಹುಟ್ಟಿದ ವಾರ ಅವನಪ್ಪನ ಬೆಳೆ ಪೂರ್ತಿ ಹೋಗಿತ್ತು. ಇವತ್ತಿಗೂ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೊಬ್ಬರು ಆ ಮಾತು ತೆಗೆದು ನಗುತ್ತಾರೆ. ಅವನೂ ನಗುತ್ತಾನೆ. ಆದರೆ ಯಾರ ಹುಳದ ಮನೆಯ ಹತ್ತಿರವೂ ಅವನು ಸುಳಿಯುವುದಿಲ್ಲ.

ಹಾಗಾಗಿ ನಮ್ಮ ಲೆಕ್ಕ ಸರಿಯಾಗಿಯೇ ಇತ್ತು. ಕೆಟ್ಟದ್ದು ಚಳಿಯಿಂದ. ಆ ಸಲ ಧನುರ್ಮಾಸದ ಚಳಿಗೆ ಹುಳ ಸೊಪ್ಪು ಮುಟ್ಟಲೇ ಸೋಮಾರಿತನ ಮಾಡಿದವು. ಕೆಂಡದ ಬಾಣಲಿ ಇಟ್ಟೆ, ಕಿಟಕಿಗಳಿಗೆ ಗೋಣಿ ಕಟ್ಟಿದೆ. ಏನು ಮಾಡಿದರೂ ಅವುಗಳ ನಡಿಗೆ ಅವುಗಳದೇ. ಡಾಕ್ಟರಮ್ಮ ಹೇಳಿದ ತಾರೀಖು ಬಂದಾಗ ನಮ್ಮ ಹುಳ ಇನ್ನೂ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತವಲ್ಲ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರದಿಂದ ಎದ್ದ ಮೇಲೆ ವಾರವೆಲ್ಲ ರಾಕ್ಷಸರ ಹಾಗೆ ತಿಂದು, ಆಮೇಲೆ ಮೇವು ಬಿಟ್ಟು, ಮೈ ಮಾಗಿ ಹಣ್ಣಾಗಿ, ಗೂಡು ಕಟ್ಟಬೇಕು.

ತಾರೀಖು ಬಂತು, ಮಗು ಬರಲಿಲ್ಲ. ನಿಜ ಹೇಳಬೇಕೆಂದರೆ ನಮಗೆಲ್ಲ ಹಗುರಾಯಿತು. ಡಾಕ್ಟರಮ್ಮ ಮೆಷಿನ್ನು ಇಟ್ಟು ನೋಡಿ, ಮಗು ಚೆನ್ನಾಗಿದೆ, ಸ್ವಲ್ಪ ಕಾಯೋಣ, ಸೋಮವಾರಕ್ಕೂ ಆಗದಿದ್ದರೆ ಬಂದು ಸೇರಿಕೊಳ್ಳಿ ಅಂದರಂತೆ. ನಡುವೆ ನೋವು ಬಂದರೆ, ನೀರು ಹೋದರೆ, ಮಗು ಆಡುವುದು ಕಡಿಮೆ ಅನ್ನಿಸಿದರೆ ಒಂದು ಗಳಿಗೆಯೂ ನಿಲ್ಲಬೇಡಿ ಎಂದೂ ಹೇಳಿದರಂತೆ. ಸುನಂದ ಅದನ್ನು ದೇವರ ಹೆಸರಿನ ಹಾಗೆ ದಿನಾ ಬಾಯಿಪಾಠ ಹೇಳುತ್ತಿದ್ದಳು.

ಊರಿಗೆ ಮಾತ್ರ ಒಂದು ತಮಾಷೆ ಸಿಕ್ಕಿತು. ಹುಳ ಮೊದಲೋ ಕೂಸು ಮೊದಲೋ ಎಂದು ಹಾಲಿನ ಡೈರಿಯ ಹತ್ತಿರ ಪಂದ್ಯ. ಪಕ್ಕದ ಮನೆಯ ಶ್ಯಾಮಲಮ್ಮನ ಮಗ ಗೋಪಿ ಟೊಮೇಟೊ ಟೆಂಪೊ ಓಡಿಸುತ್ತಾನೆ. ಅವನು ದಿನಾ ಬೆಳಿಗ್ಗೆ ಕೋಲಾರದ ಮಾರ್ಕೆಟ್ಟಿಗೆ ಹೊರಡುವಾಗ ಜಗಲಿಯ ಮೇಲೆ ಕೂತ ವಾಣಿಶ್ರೀಯ ಹೊಟ್ಟೆಗೆ ಹೇಳಿ ಹೋಗುತ್ತಿದ್ದ: ರೈತರ ಮನೆ ಕೂಸು ನೀನು, ಹುಳ ಹಣ್ಣಾಗೋ ತನಕ ಅಲ್ಲೇ ಇರು ಕಣೋ. ಉಮೇಶ್ ನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಶಿಫ್ಟು ಮುಗಿಸಿ ಸಾಯಂಕಾಲ ಬಂದು ಬಾಗಿಲಲ್ಲೇ ನಿಂತು ಹೆಂಡತಿಯ ಮುಖ ನೋಡುವನು. ಶ್ಯಾಮಲಮ್ಮ ಅವನನ್ನೂ ಬಿಡಲಿಲ್ಲ. “ಏನಪ್ಪಾ ಉಮೇಶಾ, ನಿಮ್ಮ ಕಂಪನಿ ಬಸ್ಸೂ ಇಷ್ಟು ಲೇಟಾಗಲ್ವಲ್ಲೋ” ಅಂದಳು. ಅವನು ನಾಚಿಕೊಂಡು ಒಳಗೆ ಹೋದ.

ಶ್ಯಾಮಲಮ್ಮ ನಂಗಲಿ ಗಡಿಯಿಂದಾಚೆ, ತೆಲುಗು ಸೀಮೆಯಲ್ಲಿ ಹುಟ್ಟಿದವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹುಳದ ಮನೆಗೆ ಒಗ್ಗರಣೆಯ ಘಾಟು ಹೋಗಬಾರದು ಎಂದು ನಮ್ಮ ಮನೆಯಲ್ಲಿ ಆ ವಾರಗಳಲ್ಲಿ ಬರೀ ಸಪ್ಪೆ ಅಡುಗೆ. ಬಸುರಿ ಸಪ್ಪೆ ತಿನ್ನುವುದೇ ಎಂದು ಅವಳು ತನ್ನ ಮನೆಯಲ್ಲಿ ಅವರೆಕಾಳು ಹಿತುಕಿ ಸಾರು ಮಾಡಿ, ವಾಣಿಶ್ರೀಯನ್ನು ಅಲ್ಲಿಗೇ ಕರೆಸಿಕೊಂಡು ಊಟಕ್ಕೆ ಇಡುತ್ತಿದ್ದಳು. ಒಂದು ದಿನವೂ ಅದನ್ನು ಲೆಕ್ಕಕ್ಕೆ ಹಿಡಿದವಳಲ್ಲ.

ವಾಣಿಶ್ರೀಯನ್ನು ಹುಳದ ಮನೆಯೊಳಗೆ ಬಿಡುತ್ತಿರಲಿಲ್ಲ. ಕೆಂಡದ ಕಾವು, ಔಷಧಿಯ ವಾಸನೆ ಬೇಡ ಎಂದು ಸುನಂದಳ ಕಟ್ಟಪ್ಪಣೆ. ಅವಳು ಹೊರಗೆ ಜಾಲರಿ ಕಿಟಕಿಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಿಸಿಲು ಕಾಯಿಸಿಕೊಳ್ಳುತ್ತ, ಒಳಗಿದ್ದ ನನ್ನ ಜೊತೆ ಮಾತಾಡುವಳು. ಚಿಕ್ಕವಳಿದ್ದಾಗಿನಿಂದಲೂ ಅವಳಿಗೆ ಅದು ರೂಢಿ. ಸ್ಕೂಲಿನಲ್ಲಿ ಯಾರ ಜೊತೆ ಜಗಳವಾಯಿತು ಎಂಬುದರಿಂದ ಹಿಡಿದು ಉಮೇಶನನ್ನು ಒಪ್ಪಬೇಕೋ ಬೇಡವೋ ಎಂಬುದರ ತನಕ ಆ ಕಿಟಕಿಯಲ್ಲೇ ಹೇಳಿದವಳು. ನಾನು ಸೊಪ್ಪು ಹಾಕುತ್ತ ಹೂಂ ಅನ್ನುತ್ತಿದ್ದೆ. ನನಗೆ ಬರುವುದು ಅಷ್ಟೇ.

ಶನಿವಾರ ಬೆಳಿಗ್ಗೆ ಹುಳ ಬಹಳ ಜೋರಾಗಿ ಮೇಯುತ್ತಿದ್ದವು. ಎಲ್ಲ ಹುಳ ಒಟ್ಟಿಗೆ ಸೊಪ್ಪು ಕಡಿದರೆ ಹಂಚಿನ ಮೇಲೆ ಸೋನೆ ಮಳೆ ಬಿದ್ದ ಸದ್ದು ಬರುತ್ತದೆ. ವಾಣಿಶ್ರೀ ಬಂದು ಕೂತಳು. ಬಂದ ಕೂಡಲೇ, ಯಾವಾಗ ಹಣ್ಣಾಗ್ತಾವೆ ಎಂದು ಕೇಳಿದಳು. ನಾಳೆ ಆಗಬಹುದು ಎಂದೆ. ನಾಳೆನಾ, ಪಕ್ಕಾನಾ ಎಂದಳು. ಹುಳದ ವಿಷಯದಲ್ಲಿ ಪಕ್ಕಾ ಏನು ಬಂತು ಎಂದು ನಕ್ಕೆ. ಅವಳು ನಗಲಿಲ್ಲ. ಆಮೇಲೆ ಕೇಳಿದಳು:

“ತಾತ, ಹುಳ ಜ್ವರಕ್ಕೆ ಕೂತಾಗ ಅಲ್ಲಾಡಲ್ಲ ಅಲ್ವಾ. ಮುಟ್ಟಿದ್ರೂ ಅಲ್ಲಾಡಲ್ಲ. ಆದ್ರೆ ಒಳಗೆ ಏನೂ ಆಗಿರಲ್ಲ. ಮಾರನೇ ದಿನ ತಾವೇ ಏಳ್ತಾವೆ. ಅಲ್ವಾ?”

ಹೌದು ಮಗಾ ಎಂದು ಹೇಳಲು ಬಾಯಿ ತೆರೆದೆ. ಐವತ್ತು ವರ್ಷದಿಂದ ಈ ಪ್ರಶ್ನೆಗೆ ನನ್ನ ಹತ್ತಿರ ಅದೊಂದೇ ಉತ್ತರ. ಆದರೆ ನಮ್ಮ ಹುಳ ಜ್ವರದಿಂದ ಎದ್ದು ವಾರವಾಗಿತ್ತು. ಈಗ ಜ್ವರದ ಮಾತು ಯಾಕೆ? ಜಾಲರಿಯ ಹತ್ತಿರ ಹೋಗಿ ಅವಳನ್ನು ನೋಡಿದೆ. ಎರಡೂ ಕೈ ಹೊಟ್ಟೆಯ ಮೇಲಿತ್ತು. ಎಲ್ಲ ಬಸುರಿಯರೂ ಕೈಯಿಡುತ್ತಾರೆ. ಆದರೆ ಅವಳ ಕೈ ಬಾಗಿಲಿಗೆ ಕಿವಿ ಕೊಟ್ಟು ನಿಂತವರ ಹಾಗಿತ್ತು.

ನನ್ನ ಹೆಂಡತಿ ಭಾರತಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಅಮರನಾಥನಿಗಿಂತ ಮೊದಲು ನಮಗೆ ಇನ್ನೊಂದು ಮಗುವಾಗಬೇಕಿತ್ತು. ಆ ಮಗು ಹೊಟ್ಟೆಯಲ್ಲಿ ಆಡುವುದು ನಿಂತಾಗ ಸೂಲಗಿತ್ತಿ ಕೈಯಿಟ್ಟು ನೋಡಿ, ನಿದ್ದೆ ಮಾಡ್ತಾ ಇದೆ, ಹೊರಗೆ ಬರೋ ಮುಂಚೆ ಮಕ್ಕಳು ಒಂದು ನಿದ್ದೆ ತೆಗೀತಾವೆ ಅಂದಳಂತೆ. ಅವಳು ಕೆಟ್ಟವಳಲ್ಲ, ಆ ಕಾಲಕ್ಕೆ ಅವಳಿಗೆ ತಿಳಿದದ್ದು ಅಷ್ಟು. ಭಾರತಮ್ಮ ಸಾಯುವ ತನಕ ಆ ಒಂದು ಮಾತನ್ನು ನನಗೆ ಎಷ್ಟು ಸಲ ಹೇಳಿದ್ದಳೋ.

“ಯಾವಾಗಿಂದ ಆಡ್ತಿಲ್ಲ?” ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. ರಾತ್ರಿಯಿಂದ ಕಡಿಮೆ, ಪೂರ್ತಿ ನಿಂತಿಲ್ಲ ತಾತ ಎಂದಳು. ಅಮ್ಮನಿಗೆ ಹೇಳಿದೆಯಾ ಎಂದರೆ ಇಲ್ಲ ಎಂದಳು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು:

“ನಾಳೆ ಒಂದಿನ ತಾತ. ಹುಳ ಹಣ್ಣಾಗಿಬಿಡಲಿ. ಈಗ ಹೋಗಿ ಆಪರೇಷನ್ ಮಾಡಿಬಿಟ್ರೆ ಎಲ್ರಿಗೂ ಪುರುಡು ಬರುತ್ತೆ, ಹುಳ ಹಾಳಾಗುತ್ತೆ. ನನ್ನ ಮಗೂನೂ ಆಂಜಿನಪ್ಪನ ಹಾಗೆ ಮಾಡ್ಬಿಡ್ತಾರೆ.”

ನಾವೆಲ್ಲ ತಮಾಷೆಗೆ ಆಡಿದ ಮಾತು ಅವಳೊಬ್ಬಳ ಹೆಗಲ ಮೇಲೆ ಹೋಗಿ ಕೂತಿತ್ತು.

“ಜ್ವರಕ್ಕೆ ಕೂರೋದು ಹುಳ ಕಣಮ್ಮ. ಮಕ್ಕಳು ಕೂರಲ್ಲ. ಏಳು” ಎಂದೆ.

ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಹಾಕಿ ಹೊರಗೆ ಬಂದೆ. ನಾನು ಗಟ್ಟಿಯಾಗಿ ಕೂಗುವವನಲ್ಲ. ಸುನಂದ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಗು ರಾತ್ರಿಯಿಂದ ಸರಿಯಾಗಿ ಆಡುತ್ತಿಲ್ಲ, ಹೊರಡಿ ಎಂದಷ್ಟೇ ಹೇಳಿದೆ. ಅವಳು ಸೀರೆ ಸೆರಗಿನಲ್ಲೇ ಕೈ ಒರೆಸಿಕೊಂಡು, ಮಗಳನ್ನು ಬೈಯುತ್ತ, ಬೈಯುತ್ತಲೇ ಅವಳ ಕಾಲಿಗೆ ಚಪ್ಪಲಿ ಹಾಕಿದಳು. ಗೋಪಿಯ ಟೆಂಪೊದಲ್ಲಿ ಟೊಮೇಟೊ ತುಂಬಿ ಹಗ್ಗ ಬಿಗಿದಾಗಿತ್ತು. ಶ್ಯಾಮಲಮ್ಮನೇ ಹಗ್ಗ ಬಿಚ್ಚಿದಳು. ತಾಯಿ ಮಗ ಇಬ್ಬರೂ ಸೇರಿ ಕ್ರೇಟುಗಳನ್ನು ರಸ್ತೆ ಬದಿಗೆ ಇಳಿಸಿದರು. ಅವತ್ತಿನ ಮಾರ್ಕೆಟ್ಟು ಅವರಿಗೆ ಹೋದಂತೆಯೇ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅಮರನಾಥ ಟೆಂಪೊ ಹತ್ತುವ ಮುಂಚೆ ಒಂದು ಸಲ ಹುಳದ ಮನೆಯ ಕಡೆ ತಿರುಗಿ ನೋಡಿದ. ಹುಳ ನಾನು ನೋಡ್ಕೋತೀನಿ, ನೀನು ಮಗಳನ್ನ ನೋಡ್ಕೋ ಎಂದೆ. ಟೆಂಪೊ ಹೋಯಿತು. ಉಮೇಶನಿಗೆ ಶ್ಯಾಮಲಮ್ಮ ಫೋನು ಮಾಡಿದಳು. ಅವನು ನರಸಾಪುರದಿಂದ ನೇರ ಕೋಲಾರದ ಆಸ್ಪತ್ರೆಗೆ ಹೊರಟನಂತೆ.

ನನ್ನ ಹತ್ತಿರ ಫೋನಿಲ್ಲ. ಏನೇ ಸುದ್ದಿ ಬಂದರೂ ಶ್ಯಾಮಲಮ್ಮನ ಫೋನಿಗೇ ಬರಬೇಕು. ಕೈಕಾಲು ತೊಳೆದು, ಹುಳಕ್ಕೆ ರೋಗ ತಗಲದಿರಲೆಂದು ಹೊಸಿಲಿಗೆ ಹಾಕಿದ್ದ ಸುಣ್ಣ ತುಳಿದು ಮತ್ತೆ ಒಳಗೆ ಹೋದೆ. ಹುಳಕ್ಕೆ ನಮ್ಮ ಕಷ್ಟ ಗೊತ್ತಾಗುವುದಿಲ್ಲ. ಹಾಕಿದ ಸೊಪ್ಪು ಮುಗಿಸಿ ತಲೆ ಎತ್ತಿಕೊಂಡು ಹುಡುಕುತ್ತಿದ್ದವು. ರೆಂಬೆ ಹಾಕಿದೆ. ಮತ್ತೆ ಮಳೆಯ ಸದ್ದು ಶುರುವಾಯಿತು. ಆ ಸದ್ದಿನಲ್ಲಿ ಹೊರಗೆ ಫೋನು ಬಡಿದುಕೊಂಡರೂ ಕೇಳಿಸುವುದಿಲ್ಲ. ಆದ್ದರಿಂದ ಆಗಾಗ ಕಿಟಕಿಗೆ ಬಂದು ನಿಲ್ಲುತ್ತಿದ್ದೆ.

ಬಿಸಿಲೇರಿದ ಮೇಲೆ ಶ್ಯಾಮಲಮ್ಮ ತಟ್ಟೆಯಲ್ಲಿ ಮುದ್ದೆ, ಸಾರು ತಂದು ಬಾಗಿಲ ಹೊರಗೆ ಇಟ್ಟಳು. ಫೋನು ಬಂತಾ ಎಂದು ಕೇಳಿದೆ. “ನೆಟ್‌ವರ್ಕೇ ಇಲ್ಲ ಮಾವ” ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಮುದ್ದೆಯ ಮುಖ ನೋಡಿದಳು. ಅವಳು ಹೋಗುವಾಗ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬೆಳಕು ಹಾಕಿಕೊಂಡು ಅದುರುತ್ತಿತ್ತು. ಅದರ ಮೇಲೆ ಸೆರಗು ಎಳೆದುಕೊಂಡು ಬೇಗ ಬೇಗ ಹೋದಳು.

ಸ್ವಲ್ಪ ಹೊತ್ತಿಗೆ ಓಣಿಯ ನಾಲ್ಕೈದು ಹೆಂಗಸರು ಅವಳ ಜಗಲಿಯ ಮೇಲೆ ಸೇರಿದರು. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಕಿಟಕಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಆಂಜಿನಪ್ಪ ದೂರದ ಹುಣಸೆ ಮರದ ಕೆಳಗೆ ನಿಂತಿದ್ದ. ಅವನೂ ನನ್ನ ಕಡೆ ನೋಡಲಿಲ್ಲ.

ಅವರಿಗೆ ಸುದ್ದಿ ಬಂದಿದೆ, ನನಗೆ ಹೇಳುತ್ತಿಲ್ಲ ಎಂದು ತಿಳಿಯಿತು. ಸುದ್ದಿ ಒಳ್ಳೆಯದಾಗಿದ್ದರೆ ಹೇಳದಿರುವುದು ಹುಳಕ್ಕೋಸ್ಕರ. ಕೇಳಿದರೆ ಪುರುಡು, ಕೇಳದಿದ್ದರೆ ಇಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಲು ಏರುವ ತನಕ ಈ ಮುದುಕನ ಕಿವಿಗೆ ಬೀಳದಿರಲಿ ಎಂದು. ಸುದ್ದಿ ಕೆಟ್ಟದಾಗಿದ್ದರೆ ಹೇಳದಿರುವುದು ನನಗೋಸ್ಕರ. ಎರಡಕ್ಕೂ ಜನರ ಮುಖ ಒಂದೇ ಥರ ಇರುತ್ತದೆ. ಅದು ನನಗೆ ಮೊದಲೇ ಗೊತ್ತಿತ್ತು.

ಭಾರತಮ್ಮ ಆ ಹೆರಿಗೆಗೆ ಶ್ರೀನಿವಾಸಪುರದ ಕಡೆಯ ತವರಿಗೆ ಹೋಗಿದ್ದಳು. ನಾನು ಇಲ್ಲಿ ಕಣದಲ್ಲಿ ರಾಗಿ ತೆನೆಯ ಮೇಲೆ ಒಕ್ಕಣೆಯ ಕಲ್ಲುಗುಂಡು ಹೊಡೆಯುತ್ತಿದ್ದೆ. ಅವಳ ಊರಿನಿಂದ ಒಬ್ಬ ಮನುಷ್ಯ ನಡೆದುಕೊಂಡು ಬಂದ. ಅಪ್ಪ ಅವನನ್ನು ಬಣವೆಯ ಹಿಂದಕ್ಕೆ ಕರೆದುಕೊಂಡು ಹೋದರು. ಸೂತಕದವರು ರಾಶಿ ಮುಟ್ಟಬಾರದು. ಅದಕ್ಕೇ ನನಗೆ ಏನೂ ಹೇಳದೆ, ತೂರಿಸಿ, ರಾಶಿ ಮಾಡಿಸಿ, ಅಳೆಸಿ, ಚೀಲ ಕಟ್ಟಿಸಿ, ಆಮೇಲೆ ಹೇಳಿದರು. ಆ ಮಗು ಅಳಲೇ ಇಲ್ಲವಂತೆ. ಬಂದ ಮನುಷ್ಯ ಕಣದ ಅಂಚಿನಲ್ಲಿ ಕೂತು, ನಾನು ರಾಗಿ ತೂರುವುದನ್ನು ಅಷ್ಟು ಹೊತ್ತೂ ನೋಡುತ್ತಿದ್ದ. ಚೆನ್ನಾಗಿ ಬಂದಿದೆ ರಾಗಿ ಎಂದು ನಾನೇ ಅವನಿಗೆ ಹೇಳಿದ್ದೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ವರ್ಷದ ಅನ್ನ ಉಳಿಸಿದರು. ಆದರೆ ಆ ಹೊತ್ತಿನಲ್ಲಿ ಭಾರತಮ್ಮ ಒಬ್ಬಳೇ ಇದ್ದಳು, ನಾನು ರಾಗಿ ಹೊಗಳುತ್ತಿದ್ದೆ.

ಮಧ್ಯಾಹ್ನದ ಬಿಸಿಲಿಗೆ ಹುಳದ ಮನೆ ಕಾವೇರಿತು. ಅಷ್ಟು ದಿನ ಚಳಿಗೆ ತಡ ಮಾಡಿದ ಹುಳ ನಾಳೆಯ ತನಕ ನಿಲ್ಲಲಿಲ್ಲ. ಅಲ್ಲೊಂದು ಇಲ್ಲೊಂದು ಮೇವು ಬಿಟ್ಟು, ತಲೆ ಎತ್ತಿ ಆಡಿಸತೊಡಗಿದವು. ಒಂದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಮೈ ಒಳಗೆ ಜೇನು ತುಂಬಿದ ಹಾಗೆ, ಆಚೆಯ ಬೆಳಕು ಕಾಣುವ ಹಾಗೆ. ಹಣ್ಣಾಗಿತ್ತು. ಇನ್ನು ಸಂಜೆಯೊಳಗೆ ಎಲ್ಲವನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಹಾಕುವ ಬಿದಿರಿನ ತಡಿಕೆಗೆ, ಏರಿಸಬೇಕು. ತಡವಾದರೆ ಸೊಪ್ಪಿನೊಳಗೇ ನೂಲು ಬಿಟ್ಟು ಹಾಳಾಗುತ್ತವೆ. ಒಬ್ಬನಿಂದ ಆಗುವ ಕೆಲಸವಲ್ಲ. ನಾಲ್ಕು ಜನ ಸೇರಿದರೂ ಬೆನ್ನು ಮುರಿಯುತ್ತದೆ.

ಆ ಹುಳವನ್ನು ಕೈಯಲ್ಲಿಟ್ಟುಕೊಂಡು ಒಂದು ಗಳಿಗೆ ನಿಂತೆ. ಜನ್ಮವೆಲ್ಲ ಕಾದವನು ನಾನು. ಹುಳಕ್ಕೆ, ಮಳೆಗೆ, ಬೋರ್‌ವೆಲ್ಲಿನ ಕರೆಂಟಿಗೆ. ಇನ್ನೊಂದು ಸಾಯಂಕಾಲ ಕಾಯುವುದು ನನಗೆ ದೊಡ್ಡದಲ್ಲ. ಆದರೆ ಅವತ್ತು ಆಗಲಿಲ್ಲ. ಹುಳವನ್ನು ಒಂದು ಚಂದ್ರಿಕೆಯ ಮೇಲೆ ಬಿಟ್ಟು, ಹೊರಗೆ ಬಂದು, ಸುಣ್ಣದ ಗೆರೆ ದಾಟಿ, ವಾಣಿಶ್ರೀಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಶ್ಯಾಮಲಮ್ಮ ಎದ್ದು ಓಡಿಬಂದಳು.

“ಹೇಳಮ್ಮ” ಎಂದೆ.

“ಬೇಡ ಮಾವ. ಹೇಳಿದ್ರೆ ನೀವು ಒಳಗೆ ಹೋಗೋ ಹಾಗಿಲ್ಲ. ಹುಳ ಏರಲಿ, ಆಮೇಲೆ ಕೇಳಿ.”

“ನಾನು ಇನ್ನು ಒಳಗೆ ಹೋಗಲ್ಲ. ಹುಳ ಹಣ್ಣಾಗಿದೆ, ಬಾಗಿಲು ತೆಗೆದಿದೆ. ಅದು ಏನಾಗುತ್ತೋ ಆಗಲಿ. ನೀನು ಹೇಳು.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಅವಳ ಮುಖ ಒಡೆಯಿತು. ಸಂತೋಷಕ್ಕೆ ಅವಳಿಗೆ ಕನ್ನಡ ಬರಲಿಲ್ಲ. “ಆಡಪಿಲ್ಲ ಮಾವ” ಎಂದಳು. “ಹೆಣ್ಣು. ಬೆಳಿಗ್ಗೆನೇ ಆಯ್ತು. ಇಬ್ರೂ ಚೆನ್ನಾಗಿದ್ದಾರೆ. ಅದು ಕೂಗಿದ ಕೂಗು ಫೋನಲ್ಲಿ ಕೇಳಿ ನನ್ನ ಕಿವಿ ಇನ್ನೂ ಗುಯ್ ಅಂತಿದೆ.”

ಹೊಟ್ಟೆಯಲ್ಲಿ ನೀರು ಕಡಿಮೆಯಾಗಿತ್ತಂತೆ. ಡಾಕ್ಟರಮ್ಮ ನೋಡಿದ ಕೂಡಲೇ ಆಪರೇಷನ್ನಿಗೆ ಕರೆದುಕೊಂಡು ಹೋದರಂತೆ. ಸರಿಯಾದ ಹೊತ್ತಿಗೆ ಕರೆತಂದಿರಿ ಎಂದು ಸುನಂದಳ ಭುಜ ತಟ್ಟಿದರಂತೆ. ಉಮೇಶ್ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದು, ಮಗುವನ್ನು ಎತ್ತಿಕೊಳ್ಳಲು ಹೆದರಿ, ಗೋಡೆಗೆ ಒರಗಿಕೊಂಡು ಅತ್ತನಂತೆ. ಶ್ಯಾಮಲಮ್ಮ ಅದನ್ನು ನಟಿಸಿಯೂ ತೋರಿಸಿದಳು. ನಾನು ಎಲ್ಲದಕ್ಕೂ ಹೂಂ ಅಂದೆ. ಎದ್ದು ನಿಂತೆ. ಪೂರ್ವಕ್ಕೆ ತಿರುಗಿ ಕೈ ಮುಗಿದೆ. ಯಾವ ದೇವರಿಗೆಂದು ಯೋಚಿಸಲಿಲ್ಲ. ಡಾಕ್ಟರಮ್ಮ ಇರುವ ಕೋಲಾರ ಯಾವ ದಿಕ್ಕೆಂದು ಆಮೇಲೆ ನೆನಪಾಗಿ, ಆ ಕಡೆಗೂ ಒಂದು ಸಲ ಮುಗಿದೆ.

ಸಂತೋಷ ಸ್ವಲ್ಪ ಇಳಿದ ಮೇಲೆ ಎಲ್ಲರ ಕಣ್ಣೂ ಹುಳದ ಮನೆಯ ಬಾಗಿಲಿಗೆ ಹೋಯಿತು. ಒಳಗೆ ಮಳೆಯ ಸದ್ದು ತೆಳುವಾಗುತ್ತಿತ್ತು. ಒಂದೊಂದೇ ಹುಳ ಮೇವು ಬಿಡುತ್ತಿದೆ ಎಂದು ಅರ್ಥ. ಕೇಳುವುದು ನನ್ನ ಕೆಲಸ ಎಂದು ತಿಳಿಯಿತು. ಆದರೆ ಬೇರೆಯವರ ಹುಳ ಮುಟ್ಟಿ ಎಂದು ಹೇಗೆ ಕೇಳುವುದು?

ಶ್ಯಾಮಲಮ್ಮ ತಾನಾಗಿಯೇ ಹೇಳಿದಳು, ಸ್ವಲ್ಪ ಹೆದರಿಕೊಂಡೇ: “ನಾವು ಹೋಗ್ತೀವಿ. ಆದ್ರೆ ಮಾವ, ನಾಳೆ ಹೆಚ್ಚುಕಡಿಮೆ ಆದ್ರೆ ನಮ್ಮ ಕಣ್ಣು ಅನ್ನಬಾರದು.”

“ಅನ್ನಲ್ಲ” ಎಂದೆ. “ಕಣ್ಣೂ ಅನ್ನಲ್ಲ, ಕಾಲೂ ಅನ್ನಲ್ಲ.”

ಹೆಂಗಸರು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು. ಆ ಚಳಿಯಲ್ಲಿ ಒದ್ದೆ ಕೂದಲು ಗಂಟು ಹಾಕಿಕೊಂಡು, ಸುಣ್ಣ ತುಳಿದು ಒಬ್ಬೊಬ್ಬರೇ ಒಳಗೆ ಹೋದರು. ಚಂದ್ರಿಕೆಗಳನ್ನು ಅಟ್ಟದಿಂದ ಇಳಿಸಲು ಅವರಿಗೆ ಎತ್ತರ ಸಾಲಲಿಲ್ಲ. ಗಂಡಸರು ಯಾರಾದರೂ ಬೇಕು ಎಂದು ಒಳಗಿನಿಂದ ಕೂಗಿದರು. ಗೋಪಿ ಇನ್ನೂ ಕೋಲಾರದಲ್ಲೇ ಇದ್ದ. ಹುಣಸೆ ಮರದ ಕೆಳಗೆ ಆಂಜಿನಪ್ಪ ಒಬ್ಬನೇ. ಆ ಕೂಗು ಕೇಳಿ ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ಆಂಜಿನಪ್ಪಾ” ಎಂದೆ, “ನೀನು ಹೋಗಪ್ಪ.”

“ನಾನಾ? ಬೇಡ ಬಿಡಣ್ಣ. ಹುಟ್ಟಿರೋದು ಹೆಣ್ಣುಕೂಸು. ಯಾಕೆ ಸುಮ್ಮನೆ.”

“ಕೂಸಿನ ಮುತ್ತಾತ ಹೇಳ್ತಿದೀನಿ. ಹೋಗು.”

ಅವನು ಬಹಳ ಹೊತ್ತು ನಿಂತ. ಆಮೇಲೆ ನಮ್ಮ ತೊಟ್ಟಿಯ ತಣ್ಣೀರನ್ನೇ ಎರಡು ಬಿಂದಿಗೆ ಸುರಿದುಕೊಂಡು, ಒದ್ದೆ ಪಂಚೆಯಲ್ಲೇ, ತಲೆ ಬಗ್ಗಿಸಿ ಒಳಗೆ ಹೋದ. ಬಾಗಿಲು ಅಷ್ಟೇನೂ ತಗ್ಗಾಗಿರಲಿಲ್ಲ.

ನಾನು ಹೊರಗೆ ಜಾಲರಿಯ ಹತ್ತಿರ ಕೂತೆ. ಜೀವಮಾನದಲ್ಲಿ ಮೊದಲ ಸಲ ನನ್ನ ಹುಳವನ್ನು ಆ ಕಡೆಯಿಂದ ನೋಡಿದೆ. ಒಳಗಿನವರು ಅನುಮಾನ ಬಂದ ಹುಳವನ್ನು ಕಿಟಕಿಗೆ ತಂದು, ಇದು ಹಣ್ಣಾ ಮಾವ, ಇದು ಕಾಯಾ ಎಂದು ಬೆಳಕಿಗೆ ಹಿಡಿದು ಕೇಳುವರು. ನಾನು ಹೂಂ ಎಂದರೆ ಚಂದ್ರಿಕೆಗೆ, ಊಹೂಂ ಎಂದರೆ ಸೊಪ್ಪಿಗೆ. ಅವರಿಗೆಲ್ಲ ತಿಳಿಯದ ಕೆಲಸವಲ್ಲ ಅದು, ಅವರೂ ಹುಳ ಸಾಕುವವರೇ. ನನ್ನನ್ನು ಹೊರಗೆ ಕೂರಿಸಿದ ಹಾಗಾಗದಿರಲಿ ಎಂದು ಕೇಳುತ್ತಿದ್ದರು. ಸಂಜೆಯ ಹೊತ್ತಿಗೆ ಸೊಪ್ಪಿನ ಸದ್ದು ಪೂರ್ತಿ ನಿಂತಿತು. ಚಂದ್ರಿಕೆಗಳ ಮೇಲೆ ಹುಳ ತಲೆ ಆಡಿಸಿ ಆಡಿಸಿ ನೂಲು ಬಿಡುತ್ತಿದ್ದವು. ಅದಕ್ಕೆ ಸದ್ದಿಲ್ಲ.

ಗೂಡು ಬಿಡಿಸುವ ದಿನವೇ ಮಗು ಮನೆಗೆ ಬಂತು. ಬಿಡಿಸಿದವರೂ ಓಣಿಯವರೇ. ಒಂದಿಷ್ಟು ಹುಳ ಪ್ರತಿ ಸಲದ ಹಾಗೆ ಹೋಗಿತ್ತು, ಉಳಿದದ್ದು ಗಟ್ಟಿ ಗೂಡು. ಅಂಗಳದ ತುಂಬ ಹಳದಿ ರಾಶಿ. ಆಂಜಿನಪ್ಪ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಕುಲುಕುವ ಸದ್ದು ಕೇಳಿ, ಮತ್ತೊಂದನ್ನು ತೆಗೆದುಕೊಂಡು ಅಲ್ಲಾಡಿಸಿ, ಬುಟ್ಟಿಗೆ ಹಾಕುತ್ತಿದ್ದ. ಹೋಗುವಾಗ ಅವನಿಗೆ ಎಲೆ ಅಡಿಕೆ ಕೊಟ್ಟೆ. ಅದು ಕೂಸಿನ ಕಾಲ್ಗುಣ ಬಿಡಣ್ಣ ಎಂದ. ಇಬ್ಬರದೂ ಎಂದೆ.

ಸುನಂದ ಮಗುವನ್ನು ಮೊರದಲ್ಲಿ ಹಳೇ ಸೀರೆ ಹಾಸಿ ಮಲಗಿಸಿ ನನ್ನ ಮುಂದೆ ತಂದಿಟ್ಟಳು. ಪುರುಡಿನವನು ಹುಳ ಮುಟ್ಟುವಂತಿಲ್ಲ, ಮಗು ಮುಟ್ಟಬಹುದು. ಮೂಗು ನಮ್ಮ ಕಡೆಯದೇ. ಗದ್ದ ಉಮೇಶನದಿರಬೇಕು. ಕಣ್ಣು ಮುಚ್ಚಿತ್ತು. ಕೈ ಕಾಲು ಅಲ್ಲಾಡುತ್ತಿರಲಿಲ್ಲ. ನಾನು ಬಗ್ಗಿ ನೋಡಿದೆ. ಇನ್ನೂ ಬಗ್ಗಿದೆ.

“ನಿದ್ದೆ ಮಾಡ್ತಾ ಇದೆ ಮಾವ” ಎಂದಳು ಸುನಂದ.

ಆ ಮಾತು ಅವಳಿಗೆ ಬರೀ ಮಾತು, ನನಗೆ ಸೂಲಗಿತ್ತಿಯ ಮಾತು. ನಾನು ಮೊರದ ಪಕ್ಕದಲ್ಲಿ ನೆಲಕ್ಕೆ ಕೂತುಕೊಂಡೆ. ಯಾಕೆ ಕೂತಿರಿ, ಊಟಕ್ಕೆ ಏಳಿ ಎಂದರು. ಆಗಲಿ ಎಂದೆ. ಗೋಡೆಗೆ ಒರಗಿ ಮಲಗಿದ್ದ ವಾಣಿಶ್ರೀಗೆ ಮಾತ್ರ ಗೊತ್ತಾಯಿತು.

ಬಹಳ ಹೊತ್ತೇನೂ ಆಗಲಿಲ್ಲ. ಮೊದಲು ಹುಬ್ಬು ಗಂಟಾಯಿತು. ಆಮೇಲೆ ಮುಖ ಕೆಂಪಾಯಿತು. ಆಮೇಲೆ ಆ ಬೆರಳಗಲದ ಬಾಯಿ ತೆರೆದು ಕೂಗಿತು ನೋಡಿ, ಹೊರಗೆ ಗೂಡು ಆರಿಸುತ್ತಿದ್ದವರೆಲ್ಲ ತಿರುಗಿದರು. ಸುನಂದ ಎತ್ತಿಕೊಳ್ಳಲು ಓಡಿಬಂದಳು. ನಾನು ಕೈ ಅಡ್ಡ ಹಿಡಿದೆ.

“ಒಂದು ಗಳಿಗೆ ಇರಮ್ಮ” ಎಂದೆ. “ಅಳಲಿ ಬಿಡು.”